ಹಾಸು ಕೆಚ್ಚುವವರ ವೈರಿಂಗ್

ಆ ಕಾರಿಗೆ ಇದ್ದದ್ದು ಎರಡು ಸೀಟು, ಎರಡು ಫ್ಯೂಸು. ಮಾಡು ಇರಲಿಲ್ಲ. ಮಡಚುವ ಬಟ್ಟೆಯ ಹೊದಿಕೆಯೊಂದು ಇತ್ತಂತೆ, ಅದನ್ನು ಇಲಿಗಳು ತಿಂದು ಮುಗಿಸಿದ್ದವು. ಇಂಗ್ಲೆಂಡಿನಲ್ಲಿ ಹುಟ್ಟಿದ ಕಾರು. ವಾಲ್ಪಾರೈ ಬೆಟ್ಟದ ಚಹಾ ತೋಟದ ದೊರೆಯೊಬ್ಬನ ಕೈಯಲ್ಲಿ ಪ್ರಾಯ ಕಳೆದು, ಅವನು ಹಡಗು ಹತ್ತಿದ ಮೇಲೆ ಎರಡು ಮೂರು ಮನೆ ಬದಲಿಸಿ, ಕೊನೆಗೆ ಕೊಯಮತ್ತೂರಿನ ಪೀಳಮೇಡಿನ ಒಂದು ಮೋಟಾರು ವೈಂಡಿಂಗ್ ವರ್ಕ್‌ಶಾಪಿನ ಹಿಂದಿನ ಶೆಡ್ಡಿಗೆ ಬಂದು ಬಿದ್ದಿತ್ತು. ವರ್ಕ್‌ಶಾಪಿನ ಮಾಲೀಕರು ಐವತ್ತು ದಾಟಿದವರು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಸಿ ಕೊಡುವುದು ಅವರ ಕಸುಬು. ವಾರದ ಆರು ದಿನ ಅವರದು ಮಾತು ಕಮ್ಮಿ. ಭಾನುವಾರ ಬೆಳಿಗ್ಗೆ ಆ ಕಾರು ತೆಗೆದುಕೊಂಡು ಊರಾಚೆ ಹೋಗುತ್ತಿದ್ದರು, ಮಧ್ಯಾಹ್ನ ಅದನ್ನು ಯಾರಿಂದಲಾದರೂ ತಳ್ಳಿಸಿಕೊಂಡು ಬರುತ್ತಿದ್ದರು.

ಕಾರಿನ ರೋಗವಿದ್ದದ್ದು ಫ್ಯೂಸ್ ಪೆಟ್ಟಿಗೆಯಲ್ಲಿ. ಎಂಜಿನ್ನಿಗೂ ಕೂರುವವರ ಕಾಲಿಗೂ ನಡುವೆ ಇರುವ ತಗಡಿನ ಗೋಡೆಗೆ ಎರಡು ಸ್ಕ್ರೂ ಹಾಕಿ ಕೂರಿಸಿದ ಕರಿ ಡಬ್ಬಿ ಅದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಬ್ಯಾಟರಿಯ ಕರೆಂಟು ಅದರೊಳಗಿನ ಫ್ಯೂಸು ದಾಟಿ ಹಾರನ್ನು, ವೈಪರು, ಬ್ರೇಕಿನ ದೀಪ ಎಂದು ಹಂಚಿಹೋಗಬೇಕು. ಸ್ಕ್ರೂ ಕೂರುವ ತೂತುಗಳು ಸವೆದು ಅಗಲವಾಗಿದ್ದರಿಂದ ಡಬ್ಬಿ ತನ್ನ ವೈರುಗಳಿಗೇ ಜೋತುಬಿದ್ದಿತ್ತು. ಕೊಯಮತ್ತೂರಿನ ಆರೇಳು ಮೆಕ್ಯಾನಿಕ್‌ಗಳು ತಮ್ಮ ತಮ್ಮ ಬುದ್ಧಿಗೆ ತಕ್ಕಂತೆ ಅದನ್ನು ಬಿಗಿ ಮಾಡಿದ್ದರು. ಒಬ್ಬ ತೂತಿಗೆ ಬೆಂಕಿಕಡ್ಡಿ ತುರುಕಿದ್ದ, ಒಬ್ಬ ತೆಂಗಿನ ನಾರಿನಲ್ಲಿ ಕಟ್ಟಿದ್ದ, ಒಬ್ಬ ಡಾಂಬರು ಸುರಿದು ಕೈತೊಳೆದುಕೊಂಡಿದ್ದ. ರಸ್ತೆಯಲ್ಲಿ ಒಂದು ಗುಂಡಿ ಸಿಕ್ಕರೆ ದೀಪ ಆರುತ್ತಿತ್ತು, ಇನ್ನೊಂದು ಗುಂಡಿಗೆ ವೈಪರು ಆಡುತ್ತಿತ್ತು. ಒಮ್ಮೆ ಉಡುಮಲೈಪೇಟೆಯ ದಾರಿಯಲ್ಲಿ ಹಾರನ್ನು ಸಿಕ್ಕಿಹಾಕಿಕೊಂಡು ಎಂಟು ಮೈಲಿ ನಿಲ್ಲದೆ ಕೂಗಿತಂತೆ. ಎತ್ತಿನ ಗಾಡಿಗಳೆಲ್ಲ ಪಕ್ಕಕ್ಕೆ ಸರಿದವಂತೆ, ಪೊಲೀಸಿನವನೊಬ್ಬ ಸಲ್ಯೂಟ್ ಹೊಡೆದನಂತೆ. ಮಾಲೀಕರು ವಾಪಸು ಸಲ್ಯೂಟ್ ಹೊಡೆದು ಮುಂದೆ ಹೋದರಂತೆ.

ನಾನು ಆ ಕಾರನ್ನು ನೋಡಿದ್ದು ಎಂಬತ್ತರ ದಶಕದ ನಡುವೆ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಕೆಲಸ ಕೇಳಲು ಹೋದಾಗ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಒಂಬತ್ತು ತಿಂಗಳಾಗಿತ್ತು. ಆ ಒಂಬತ್ತು ತಿಂಗಳಲ್ಲಿ ನಾನು ಮಾಡಿದ ಎಲೆಕ್ಟ್ರಿಕಲ್ ಕೆಲಸವೆಂದರೆ ಬೀದಿಯವರ ಇಸ್ತ್ರಿಪೆಟ್ಟಿಗೆ ರಿಪೇರಿ.

ನಮ್ಮದು ಉಕ್ಕಡಂ ಕೆರೆಯ ಆಚೆ ಬದಿಯ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಎಷ್ಟು ತಲೆಮಾರಿನ ಹಿಂದೆ ಇಲ್ಲಿಗೆ ಬಂದೆವೆಂದು ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಬೀದಿಯಲ್ಲಿ ಯಾರಿಗೂ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಅಕ್ಷರ ಕಲಿತದ್ದೇ ಮೂವತ್ತೈದರ ನಂತರ, ಮೈಸೂರಿನಿಂದ ವರ್ಗವಾಗಿ ಬಂದ ಪಕ್ಕದ ಮನೆಯಾಕೆಯ ಹತ್ತಿರ. ಈ ಬರವಣಿಗೆಯಲ್ಲಿ ತಪ್ಪು ಕಂಡರೆ ಅರ್ಧ ಪಾಲು ಆಕೆಯದು.

ಅಮ್ಮನೂ ದೊಡ್ಡಪ್ಪನೂ ಸೇರಿ ನನಗೆ ಒಂದು ಗಡುವು ಕೊಟ್ಟಿದ್ದರು. ಪೊಂಗಲ್ ಒಳಗೆ ಒಂದು ಮರ್ಯಾದೆಯ ಕೆಲಸ ಸಿಕ್ಕಿದರೆ ಸರಿ, ಸಿಗದಿದ್ದರೆ ಪೊಂಗಲ್ಲಿನ ದಿನ ಹುಟ್ಟುವ ತೈ ತಿಂಗಳಲ್ಲಿ ಉಡುಮಲೈಪೇಟೆಯ ನೂಲಿನ ಅಂಗಡಿಯ ವರನೊಂದಿಗೆ ಮದುವೆ. ವರನನ್ನು ನಾನು ನೋಡಿರಲಿಲ್ಲ, ಅವನ ಮೇಲೆ ನನಗೆ ದೂರೂ ಇರಲಿಲ್ಲ. ಮೋಟಾರಿನ ಹೊಟ್ಟೆಯಲ್ಲಿ ಕರೆಂಟು ಹೇಗೆ ಓಡುತ್ತದೆಂದು ಮೂರು ವರ್ಷ ಕಲಿತು, ನೂಲಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಹುಣಸೆಹಣ್ಣು ಕಿವುಚಿಕೊಂಡಿರುವುದು ನನ್ನಿಂದಾಗದು, ಅಷ್ಟೆ. ತೈಗೆ ಹಿಂದಿನ ಮಾರ್ಗಳಿ ತಿಂಗಳು ಆಗಲೇ ಶುರುವಾಗಿತ್ತು. ನನಗೆ ಹೆದರಿಕೆಯಾಗಿತ್ತು, ಹೆದರಿಕೆಯಾದಾಗ ನನಗೆ ಸಿಟ್ಟು ಬರುತ್ತದೆ.

ಅಪ್ಪ ಈ ಗಡುವಿನ ಮಾತಿನಲ್ಲಿ ಬಾಯಿ ಹಾಕಿರಲಿಲ್ಲ. ಅವನಿಗೆ ಬಾಯಿ ಹಾಕುವ ಧೈರ್ಯವಿರಲಿಲ್ಲ, ಏಕೆಂದರೆ ಒಂದೂವರೆ ವರ್ಷದಿಂದ ಅವನಿಗೂ ಕೆಲಸವಿರಲಿಲ್ಲ.

ಅಪ್ಪನ ಕೆಲಸ ಹಾಸು ಕೆಚ್ಚುವುದು. ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ಒಂದು ಹಾಸು ನೇಯ್ದು ಮುಗಿದಾಗ ಹಳೆಯ ಎಳೆಗಳ ತುದಿಯನ್ನು ಹಾಗೇ ಬಿಟ್ಟು, ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅವಕ್ಕೆ ಕೂಡಿಸಬೇಕು. ಒಂದು ಸೀರೆಯ ಅಗಲಕ್ಕೆ ಎರಡು ಮೂರು ಸಾವಿರ ಎಳೆ. ಗಂಟು ಹಾಕುವಂತಿಲ್ಲ, ಗಂಟು ಮಗ್ಗದ ಹಣಿಗೆಯಲ್ಲಿ ಸಿಕ್ಕಿಬೀಳುತ್ತದೆ. ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು ಎರಡು ತುದಿ ಸೇರಿಸಿ ಹೊಸೆಯಬೇಕು, ಸೇರಿಸಿದ್ದು ಎಲ್ಲಿ ಎಂದು ಬೆರಳಿಗೆ ತಿಳಿಯಬಾರದು. ಬಣ್ಣ ನೋಡುವ ಹಾಗಿಲ್ಲ. ಹಳೆಯದು ಹಸಿರು ಸೀರೆಯಾಗಿ ಹೊಸದು ನೇರಳೆಯಾದರೆ ಹಸಿರಿಗೆ ನೇರಳೆಯನ್ನೇ ಹೊಸೆಯಬೇಕು, ಸಾಲು ತಪ್ಪದಿದ್ದರೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ತುದಿಯೂ ಜೊತೆಯಿಲ್ಲದೆ ಉಳಿಯಬಾರದು. ತೂಗಾಡುವ ಒಂದು ಎಳೆ ಪಕ್ಕದ ನಲವತ್ತು ಎಳೆಗೆ ಸುತ್ತಿಕೊಂಡು ಎಲ್ಲವನ್ನೂ ಕಡಿಯುತ್ತದೆ. ಇದು ಅಪ್ಪನ ಮೈಗೆ ಎಷ್ಟು ಹತ್ತಿತ್ತೆಂದರೆ, ಒಂದು ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತ ಅಪರಿಚಿತರ ಹೆಗಲ ಮೇಲಿನ ಟವೆಲಿನ ಬಿಚ್ಚಿದ ಕುಚ್ಚನ್ನು ಅವರಿಗೆ ಗೊತ್ತಿಲ್ಲದೆ ಹೊಸೆದುಕೊಟ್ಟು ಬೈಸಿಕೊಂಡಿದ್ದ.

ನಮ್ಮ ಬೀದಿಯ ಕೈಮಗ್ಗಗಳು ಒಂದೊಂದಾಗಿ ನಿಂತವು. ನೇಯುವವರು ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೋದರು. ಬನಿಯನ್ನಿಗೆ ಹಾಸು ಇರುವುದಿಲ್ಲ, ಅದನ್ನು ಹೆಣೆಯುತ್ತಾರೆ. ಇದು ತಿಳಿದ ಮೇಲೆ ಅಪ್ಪ ಬನಿಯನ್ ಹಾಕುವುದನ್ನೇ ಬಿಟ್ಟ. ತಿರುಪ್ಪೂರಿಗೆ ಅದರಿಂದ ಏನೂ ಆದಂತೆ ಕಾಣಲಿಲ್ಲ.

ಮಾಲೀಕರ ಬಳಿ ನಾನು ಕೇಳಿದ್ದು ಜೋಡಣೆ ಬೆಂಚಿನ ಕೆಲಸವನ್ನು. ಅವರ ವರ್ಕ್‌ಶಾಪಿನಲ್ಲಿ ಹದಿನಾಲ್ಕು ಹೆಂಗಸರು ತಂತಿ ಸುತ್ತುತ್ತಿದ್ದರು, ಆದರೆ ಸುತ್ತಿದ ತಂತಿಗಳ ತುದಿಗಳನ್ನು ಒಂದಕ್ಕೊಂದು ಸೇರಿಸಿ ಬೆಸೆಯುವ ಬೆಂಚಿನಲ್ಲಿ ಗಂಡಸರು ಮಾತ್ರ. ಮಾಲೀಕರು ಆಡಿದ್ದು ತಮಿಳಿನಲ್ಲಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ಅವರು ಇದ್ದದ್ದಕ್ಕಿಂತ ಸ್ವಲ್ಪ ಮೃದುವಾಗಿ ಕೇಳಿಸಬಹುದು.

"ಸುತ್ತುವ ಕೆಲಸ ಬೇಕಾದರೆ ನಾಳೆಯೇ ಬಾ," ಎಂದರು. "ಜೋಡಣೆ ಹೆಣ್ಣುಮಕ್ಕಳಿಗೆ ಆಗಲ್ಲ."

"ಅದನ್ನೇ ನಾನು ಓದಿದ್ದು."

"ಓದಿದವರು ಆರು ಜನ ಬಂದು ಹೋದರು." ಅವರು ನನ್ನ ಸರ್ಟಿಫಿಕೇಟನ್ನು ಮಡಚಿ ವಾಪಸು ಕೊಟ್ಟರು. ನಾನು ಎದ್ದು ಹೋಗಲಿಲ್ಲ. ಅವರಿಗೆ ನನ್ನನ್ನು ಕಳಿಸುವ ದಾರಿ ಹೊಳೆಯಲಿಲ್ಲವೋ ಏನೋ, ಹಿಂದಿನ ಶೆಡ್ಡಿನ ಕಡೆ ಕೈ ತೋರಿಸಿದರು. "ಅಲ್ಲೊಂದು ಕಾರಿದೆ. ಅದರ ಫ್ಯೂಸ್ ಪೆಟ್ಟಿಗೆ ಅಲ್ಲಾಡದ ಹಾಗೆ ಮಾಡಿ ವೈರಿಂಗ್ ಸರಿ ಮಾಡು. ಶನಿವಾರದವರೆಗೆ ನೋಡುತ್ತೇನೆ."

ಆ ದಿನ ಬುಧವಾರ. ಅವರು ತಮಾಷೆಗೆ ಹೇಳಿದ್ದೆಂದು ನನಗೂ ಗೊತ್ತಿತ್ತು. ನಾನು ತಮಾಷೆ ಅರ್ಥವಾಗದವಳಂತೆ "ಸರಿ ಸಾರ್" ಎಂದೆ.

ಅಮ್ಮನ ಷರತ್ತು ಒಂದೇ: ಕಾರಿನ ಶೆಡ್ಡಿನಲ್ಲಿ ಹುಡುಗಿ ಒಂಟಿಯಾಗಿ ಇರಬಾರದು, ಅಪ್ಪ ಜೊತೆಗಿರಬೇಕು. ಅಲ್ಲಿನ ಹದಿನಾಲ್ಕು ಹೆಂಗಸರು ಯಾರ ಜೊತೆ ಬರುತ್ತಾರೆಂದು ಅಮ್ಮ ಯೋಚಿಸಲಿಲ್ಲ. ಹಾಗಾಗಿ ಮಾರನೆಯ ಬೆಳಿಗ್ಗೆ ಉಕ್ಕಡಂನಲ್ಲಿ ಬಸ್ಸು ಹತ್ತಿದ್ದು ನಾವಿಬ್ಬರು. ನನ್ನ ಕೈಯಲ್ಲಿ ಸ್ಕ್ರೂಡ್ರೈವರಿನ ಚೀಲ, ಅಪ್ಪನ ಕೈಯಲ್ಲಿ ಕೊಡೆ. ಮಾರ್ಗಳಿಯ ಬಿಸಿಲಿಗೆ ಕೊಡೆ ಯಾಕೆಂದು ಕೇಳಿದೆ. ಕೆಲಸಕ್ಕೆ ಹೋಗುವಾಗ ಬರಿಗೈಯಲ್ಲಿ ಹೋಗಿ ಅಭ್ಯಾಸವಿಲ್ಲ ಎಂದ.

ಶೆಡ್ಡಿನಲ್ಲಿ ಅಪ್ಪ ಒಂದು ಖಾಲಿ ತಂತಿಯುರುಳೆಯ ಮೇಲೆ ಕೂತ. ನಾನು ಕಾರಿನ ಬಾನೆಟ್ ಎತ್ತಿದೆ. ಮೊದಲ ದಿನ ಪೂರ್ತಿ ಕೆರೆಯುವುದರಲ್ಲೇ ಹೋಯಿತು. ಡಾಂಬರು ಕೆರೆದು, ನಾರು ಬಿಚ್ಚಿ, ಬೆಂಕಿಕಡ್ಡಿಗಳನ್ನು ಕಿತ್ತು ತೆಗೆದ ಮೇಲೆ ಫ್ಯೂಸ್ ಪೆಟ್ಟಿಗೆ ಕಾಣಿಸಿತು. ಫ್ಯೂಸಿನ ಜಾಗದಲ್ಲಿ ಯಾರೋ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿಟ್ಟಿದ್ದರು. ಆ ಕಾರು ಇಷ್ಟು ವರ್ಷ ಹೊತ್ತಿಕೊಳ್ಳದೆ ಉಳಿದದ್ದು ಯಾರ ಪುಣ್ಯವೋ ತಿಳಿಯದು.

ವೈರುಗಳು ಈಗಿನಂತೆ ಪ್ಲಾಸ್ಟಿಕ್ಕಿನವಲ್ಲ. ಹಳೆಯ ಇಂಗ್ಲಿಷ್ ಕಾರುಗಳಲ್ಲಿ ತಂತಿಯ ರಬ್ಬರಿನ ಮೇಲೆ ಹತ್ತಿ ನೂಲಿನ ಹೆಣಿಗೆ ಇರುತ್ತಿತ್ತು, ಒಂದೊಂದು ಕೆಲಸದ ವೈರಿಗೆ ಒಂದೊಂದು ಬಣ್ಣ. ಸೀಮೆಎಣ್ಣೆಯಲ್ಲಿ ಒರೆಸಿದಾಗ ಬಣ್ಣಗಳು ಹೊರಗೆ ಬಂದವು. ಅಪ್ಪ ಉರುಳೆಯಿಂದ ಎದ್ದು ಬಂದ. ಅದುವರೆಗೆ ಅವನು ಕಾರಿನ ಕಡೆ ನೋಡಿಯೂ ಇರಲಿಲ್ಲ.

"ಇದು ನೂಲಲ್ವಾ ಅಮ್ಮಣಿ?"

"ಮ್ಯಾಲೆ ಮಾತ್ರ ನೂಲು. ಒಳಗೆ ಕಂಬಿ."

"ನಲ್ಲ ನೂಲು, ಒಳ್ಳೇದು," ಎಂದ. ಕಣ್ಣಿನ ಹತ್ತಿರ ಹಿಡಿದು ಎಣಿಸಿದ. "ಹದಿನಾರು ಎಳೆ. ಒಂದೂ ಬುಟ್ಟೋಗಿಲ್ಲ."

"ಅಪ್ಪಾ, ಮುಟ್ಬ್ಯಾಡ. ಶಾಕ್ ಹೊಡೀತದೆ."

ಬ್ಯಾಟರಿ ಬಿಚ್ಚಿಟ್ಟಿತ್ತು, ಶಾಕ್ ಹೊಡೆಯುವ ಪ್ರಶ್ನೆಯೇ ಇರಲಿಲ್ಲ. ಅವನು ಮುಟ್ಟುವುದು ನನಗೆ ಬೇಕಿರಲಿಲ್ಲ. ಇದು ನನ್ನ ಕೆಲಸ, ನಾನೊಬ್ಬಳೇ ಮಾಡಿದೆನೆಂದು ಹೇಳಬೇಕಿತ್ತು. ಅಪ್ಪ ಹೋಗಿ ಉರುಳೆಯ ಮೇಲೆ ಕೂತ.

ಎರಡನೆಯ ದಿನ ಪೆಟ್ಟಿಗೆ ಕೂರಿಸಿದೆ. ಸವೆದ ತೂತಿಗೆ ಇನ್ನೂ ದಪ್ಪ ಸ್ಕ್ರೂ ಹಾಕುತ್ತ ಹೋಗುವುದು ಎಲ್ಲ ಮೆಕ್ಯಾನಿಕ್‌ಗಳೂ ಮಾಡಿದ ತಪ್ಪು. ತಗಡು ತೆಳ್ಳಗಿದ್ದರೆ ಯಾವ ಸ್ಕ್ರೂ ತಾನೆ ಹಿಡಿದೀತು? ಗುಜರಿಯಲ್ಲಿ ಬಿದ್ದಿದ್ದ ಮೋಟಾರಿನ ಹಿತ್ತಾಳೆ ಪಟ್ಟಿಯೊಂದನ್ನು ಕತ್ತರಿಸಿ, ಅದಕ್ಕೆ ಎರಡು ನಟ್ ಬೆಸೆದು, ತಗಡಿನ ಹಿಂಬದಿಯಿಂದ ಆನಿಸಿದೆ. ಮುಂದಿನಿಂದ ಸ್ಕ್ರೂ ತಿರುಗಿಸಿದಾಗ ಪೆಟ್ಟಿಗೆ ಗೋಡೆಗೆ ಕಚ್ಚಿಕೊಂಡಿತು. ಹಿಡಿದು ಎಳೆದೆ. ಕಾರೇ ಅಲ್ಲಾಡಿತು, ಪೆಟ್ಟಿಗೆ ಅಲ್ಲಾಡಲಿಲ್ಲ. ನನಗೆ ಆದ ಸಂತೋಷವನ್ನು ಹಂಚಿಕೊಳ್ಳಲು ಅಲ್ಲಿ ಅಪ್ಪ ಬಿಟ್ಟರೆ ಯಾರೂ ಇರಲಿಲ್ಲ, ಅಪ್ಪ ನಿದ್ದೆ ಮಾಡುತ್ತಿದ್ದ. ಆಮೇಲೆ ಫ್ಯೂಸು ಕಚ್ಚುವ ಹಿತ್ತಾಳೆ ಹಲ್ಲುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ, ಒಳಕ್ಕೆ ಬಗ್ಗಿಸಿ, ಹೊಸ ಫ್ಯೂಸು ಹಾಕಿದೆ. ಹರಿದ ತುದಿಗಳಿಗೆಲ್ಲ ಹೊಸ ಉಂಗುರ ಬೆಸೆದೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಬ್ಯಾಟರಿ ಕೊಟ್ಟು ಒಂದೊಂದಾಗಿ ನೋಡಿದೆ. ಕೀ ತಿರುಗಿಸಿದರೆ ಎಂಜಿನ್ ಹೊತ್ತಿತು, ತಿರುಗಿಸಿದರೆ ಆರಿತು. ದೀಪ, ಹಾರನ್ನು, ವೈಪರು ಎಲ್ಲ ಕೇಳಿದಾಗ ಬಂದವು, ಕೇಳದಿದ್ದಾಗ ಸುಮ್ಮನಿದ್ದವು.

ಎರಡು ವೈರು ಮಾತ್ರ ಉಳಿದವು. ಅವು ಉಳಿಯಬೇಕಾದವೇ. ಇಂಗ್ಲೆಂಡಿನ ಚಳಿಗೆ ಕಾರಿನೊಳಗೆ ಬಿಸಿಗಾಳಿಯ ಯಂತ್ರವೊಂದು ಇತ್ತು. ಕೊಯಮತ್ತೂರಿನಲ್ಲಿ ಅದರ ಅಗತ್ಯವಿಲ್ಲವೆಂದು ಯಾರೋ ಎಂದೋ ಕಿತ್ತಿದ್ದರು, ಅದರ ಹಸಿರು ವೈರು ಉಳಿದಿತ್ತು. ಇನ್ನೊಂದು ನಕ್ಷೆ ಓದುವ ಪುಟ್ಟ ದೀಪದ ನೇರಳೆ ವೈರು, ದೀಪ ಕಾಣೆಯಾಗಿತ್ತು. ಹಸಿರಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟು. ನೇರಳೆಗೆ ಬ್ಯಾಟರಿಯಿಂದ ಯಾವಾಗಲೂ ಕರೆಂಟು. ಎರಡರ ತುದಿಗೂ ಬೇರೆ ಬೇರೆಯಾಗಿ ಟೇಪು ಸುತ್ತಿ ಬಿಟ್ಟರೆ ಮುಗಿಯಿತು. ಟೇಪು ಖಾಲಿಯಾಗಿತ್ತು. ಬ್ಯಾಟರಿಯ ಕೊಂಡಿ ಬಿಚ್ಚಿಟ್ಟು, ಟೇಪು ತಂದು ಹಾಗೇ ಮಾಲೀಕರನ್ನೂ ಕರೆದು ಬರುತ್ತೇನೆಂದು ಅಪ್ಪನಿಗೆ ಹೇಳಿ ಮುಂದಿನ ಕಟ್ಟಡಕ್ಕೆ ಹೋದೆ.

ಸ್ಟೋರಿನವರು ಒಂದು ಟೇಪಿನ ಸುರುಳಿ ಕೊಡಲು ಎರಡು ಕಡೆ ಸಹಿ ಕೇಳಿದರು. ನಾನು ಅಲ್ಲಿನ ಆಳೇ ಅಲ್ಲದ್ದರಿಂದ ಯಾವ ಸಹಿ ಹಾಕುವುದೆಂದು ಚರ್ಚೆಯಾಯಿತು. ಮಾಲೀಕರು ಗಲಾಟೆ ಕೇಳಿ ಬಂದು, "ಮುಗಿಯಿತಾ? ನಡಿ ನೋಡೋಣ," ಎಂದು ನನ್ನ ಕೈಯಿಂದ ಕೀ ಇಸಿದುಕೊಂಡು ಜೇಬಿಗೆ ಹಾಕಿ, ಟೇಪಿಲ್ಲದೆಯೇ ನನ್ನನ್ನು ಹೊರಡಿಸಿದರು. ಇದಕ್ಕೆಲ್ಲ ಅರ್ಧ ಗಂಟೆ ಹಿಡಿದಿರಬಹುದು.

ಶೆಡ್ಡಿಗೆ ಬಂದಾಗ ಅಪ್ಪ ಉರುಳೆಯ ಮೇಲೆ ನೆಟ್ಟಗೆ ಕೂತಿದ್ದ. ಮುಖದಲ್ಲಿ ಒಂದು ತೃಪ್ತಿ ಇತ್ತು. ನಾನು ಆಗಲೇ ಅನುಮಾನಿಸಬೇಕಿತ್ತು. ಮಾಲೀಕರು ನೇರ ಹೋಗಿ ಸೀಟಿನಲ್ಲಿ ಕೂತು, "ಬ್ಯಾಟರಿ ಕೊಡು," ಎಂದರು. ನಾನು ಕೊಂಡಿ ಸಿಕ್ಕಿಸಿದೆ. ಸಿಕ್ಕಿಸಿದ ಕೂಡಲೇ ಕಾರಿನ ಹಿಂಭಾಗದಿಂದ, ಎಂಜಿನ್ನಿಗೆ ಪೆಟ್ರೋಲು ತಳ್ಳುವ ಪಂಪಿನ ಟಿಕ್ ಟಿಕ್ ಶುರುವಾಯಿತು. ಅದು ಕೀ ತಿರುಗಿಸಿದ ಮೇಲೆ ಬರಬೇಕಾದ ಸದ್ದು. ಕೀ ಇನ್ನೂ ಮಾಲೀಕರ ಜೇಬಿನಲ್ಲಿತ್ತು. "ಸಾರ್, ಒಂದು ನಿಮಿಷ," ಎಂದೆ. ಮೂವತ್ತು ವರ್ಷ ಮೋಟಾರುಗಳ ನಡುವೆ ಕಳೆದ ಅವರ ಕಿವಿಗೆ ನನ್ನ ಮಾತೂ ಕೇಳಲಿಲ್ಲ, ಟಿಕ್ ಟಿಕ್ಕೂ ಕೇಳಲಿಲ್ಲ. ಕೀ ಹಾಕಿ ತಿರುಗಿಸಿದರು. ಎಂಜಿನ್ ಒಂದೇ ಸಲಕ್ಕೆ ಹೊತ್ತಿತು.

ತಂತಿ ಸುತ್ತುವ ಹೆಂಗಸರು ಬಾಗಿಲ ಬಳಿ ಬಂದು ನಿಂತರು. ಮಾಲೀಕರು ಹಾರನ್ನು ಒತ್ತಿದರು, ದೀಪ ಹಾಕಿದರು, ವೈಪರು ಆಡಿಸಿದರು. ನನ್ನ ಕಡೆ ತಿರುಗಿ ತಲೆಯಾಡಿಸಿದರು. ಅಂಥ ತಲೆಯಾಡಿಸುವಿಕೆಯನ್ನು ಅಲ್ಲಿ ಯಾರೂ ಹಿಂದೆ ನೋಡಿರಲಿಲ್ಲವಂತೆ. ಆಮೇಲೆ ಕೀ ಹಿಂದಕ್ಕೆ ತಿರುಗಿಸಿದರು. ಎಂಜಿನ್ ಓಡುತ್ತಲೇ ಇತ್ತು. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಓಡುತ್ತಲೇ ಇತ್ತು. ಕೀ ಕಿತ್ತು ಕೈಯಲ್ಲಿ ಹಿ‌ಡಿದು ನೋಡಿದರು. ಕೀ ಸರಿಯಾಗಿಯೇ ಇತ್ತು. ಕಾರಿನಿಂದ ಇಳಿದು, ಕೀಯನ್ನು ಜೇಬಿಗೆ ಹಾಕಿಕೊಂಡು, ನಾಲ್ಕು ಹೆಜ್ಜೆ ದೂರ ಹೋಗಿ ನಿಂತು ಕಾರನ್ನು ನೋಡಿದರು. ಅದಕ್ಕೆ ಅವರ ಅಗತ್ಯವಿದ್ದಂತೆ ಕಾಣಲಿಲ್ಲ.

"ನಿಲ್ಲಿಸು," ಎಂದರು.

ನಾನು ಹಸಿರು ವೈರಿನ ಕಡೆಯ ಫ್ಯೂಸನ್ನು ಕಿತ್ತೆ. ಎಂಜಿನ್ ಸತ್ತಿತು. ಅಲ್ಲಿಗೆ ರೋಗ ಗೊತ್ತಾಯಿತು. ಎಲ್ಲೋ ನೇರಳೆಯಿಂದ ಹಸಿರಿಗೆ ಕರೆಂಟು ಹೋಗುತ್ತಿದೆ, ಕೀಯನ್ನು ತಪ್ಪಿಸಿ ಎಂಜಿನ್ನಿಗೆ ಬರುವ ಹಿಂಬಾಗಿಲು ತೆರೆದಿದೆ. ಆ ಎರಡು ತುದಿಗಳನ್ನು ಹುಡುಕಿದೆ. ತುದಿಗಳೇ ಇರಲಿಲ್ಲ. ಅರ್ಧ ಗಂಟೆಯ ಹಿಂದೆ ತೂಗಾಡುತ್ತಿದ್ದ ಎರಡು ವೈರುಗಳ ಜಾಗದಲ್ಲಿ ಉದ್ದನೆಯ ಒಂದೇ ವೈರು ಬಾಗಿಕೊಂಡಿತ್ತು. ನಾನು ಅಪ್ಪನ ಕಡೆ ತಿರುಗಿದೆ. ಅವನ ಬಲಗೈಯ ಹೆಬ್ಬೆರಳು, ತೋರುಬೆರಳು ಬೂದಿ ಬಣ್ಣವಾಗಿದ್ದವು. ಹಣೆಗೆ ಹಚ್ಚಲು ಸೊಂಟದಲ್ಲಿಟ್ಟುಕೊಳ್ಳುವ ವಿಭೂತಿ ಪೊಟ್ಟಣ ಪಕ್ಕದಲ್ಲಿ ಬಿಚ್ಚಿತ್ತು.

"ಯಾರು ಮಾಡಿದ್ದು ಇದು?" ಎಂದರು ಮಾಲೀಕರು.

ಅಪ್ಪ ಎದ್ದು ನಿಂತಿದ್ದ. ಏನೋ ತಪ್ಪಾಗಿದೆ ಎನ್ನುವುದು ಅವನಿಗೆ ತಿಳಿದಿತ್ತು, ಏನೆಂದು ತಿಳಿದಿರಲಿಲ್ಲ. ಅಷ್ಟು ಜನರ ಮುಂದೆ ಅವನ ಮುಖ ನೋಡಿ ನನಗೆ ಸಿಟ್ಟು ಬಂತು, ಆದರೂ ಅವನಿಗೆ ಅಡ್ಡವಾಗಿ ನಿಂತೆ.

"ನಾನೇ ಸಾರ್," ಎಂದೆ. "ಮರೆತು ಸೇರಿಸಿಬಿಟ್ಟೆ."

"ತೋರಿಸು."

ತೋರಿಸಲು ನನಗೇ ಬರಲಿಲ್ಲ. ಬೆರಳಾಡಿಸಿದರೆ ಎಲ್ಲೂ ಉಬ್ಬಿಲ್ಲ. ಅಪ್ಪ ಒಳಗಿನ ತಾಮ್ರದ ಎಳೆಗಳನ್ನು ಬಿಡಿಸಿ, ಎದುರು ಬದುರು ಹೆಣೆದು ಹೊಸೆದಿದ್ದ. ಮೇಲಿನ ಹತ್ತಿಯ ಹದಿನಾರು ಎಳೆಗಳನ್ನೂ ಒಂದೊಂದಾಗಿ ಕೆಚ್ಚಿ ಮುಚ್ಚಿದ್ದ. ಹಸಿರು ಎಲ್ಲಿ ಮುಗಿದು ನೇರಳೆ ಎಲ್ಲಿ ಶುರುವಾಗುತ್ತದೆಂದು ಆ ಮಬ್ಬು ಬೆಳಕಿನಲ್ಲಿ ಕಾಣುತ್ತಿರಲಿಲ್ಲ. ಕೊನೆಗೆ ಚೂರು ಬೂದಿ ಅಂಟಿದ್ದ ಜಾಗ ನೋಡಿ, ಆಚೀಚೆ ಎರಡೆರಡು ಅಂಗುಲ ಬಿಟ್ಟು ಕತ್ತರಿಸಿ ತೆಗೆದೆ. ಕತ್ತರಿಸುವಾಗ ಅಪ್ಪ ಬೇರೆ ಕಡೆ ನೋಡಿದ. ಫ್ಯೂಸು ವಾಪಸು ಹಾಕಿ ಕೀ ಕೇಳಿದೆ. ಮಾಲೀಕರು ಕೀ ಕೊಡಲಿಲ್ಲ, ಆ ತುಂಡನ್ನು ಕೇಳಿದರು.

ಕನ್ನಡಕ ಹಾಕಿಕೊಂಡು ನೋಡಿದರು. ಹೆಬ್ಬೆರಳ ಉಗುರನ್ನು ಈ ತುದಿಯಿಂದ ಆ ತುದಿಗೆ ಆಡಿಸಿದರು. ಎರಡು ಕೈಯಲ್ಲಿ ಹಿಡಿದು ಎಳೆದರು, ಬಿಟ್ಟುಕೊಳ್ಳಲಿಲ್ಲ. ಬಾಗಿಲ ಬಳಿಯ ಹೆಂಗಸರನ್ನು ಒಳಗೆ ಕಳಿಸಿದರು. ಮತ್ತೆ ಉಗುರು ಆಡಿಸಿದರು.

"ನಮ್ಮಲ್ಲಿಂದ ಹೋದ ಮೋಟಾರು ವಾಪಸು ಬಂದರೆ ಅದು ಜೋಡಣೆ ಬಿಚ್ಚಿಕೊಂಡೇ ಬರುವುದು," ಎಂದರು. "ಇಂಥ ಜೋಡಣೆ ನಾನು ನೋಡಿಲ್ಲ. ತಪ್ಪು ಜಾಗದಲ್ಲಿ ಮಾಡಿದ್ದೀಯ, ಅದು ಕಲಿತರೆ ಬರುತ್ತದೆ. ಸೋಮವಾರ ಎಂಟೂವರೆಗೆ ಬಾ."

ನಾನು ಬಯಸಿದ್ದು ಅದೇ. ಉಡುಮಲೈಪೇಟೆ ಬಹಳ ದೂರ ಹೋಯಿತು. ಆಮೇಲೆ ಅಪ್ಪನ ಮುಖ ನೋಡಿದೆ. ಅವನು ಮಾಲೀಕರ ಕೈಯಲ್ಲಿದ್ದ ವೈರಿನ ತುಂಡನ್ನೇ ನೋಡುತ್ತಿದ್ದ. ಒಂದೂವರೆ ವರ್ಷದಿಂದ ಅವನ ಕೆಲಸವನ್ನು ಯಾರೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ.

"ಸಾರ್, ಅದು ನನ್ನ ಕೈಯದಲ್ಲ," ಎಂದೆ. "ನಮ್ಮಪ್ಪ ಮಾಡಿದ್ದು. ನನಗೆ ಅದು ಬರುವುದಿಲ್ಲ. ಪೆಟ್ಟಿಗೆ ಬಿಗಿ ಮಾಡಿದ್ದು, ವೈರಿಂಗು, ಅದೆಲ್ಲ ನಾನು."

ಮಾಲೀಕರು ಅಪ್ಪನ ಕಡೆ ತಿರುಗಿದರು. "ಹೌದಾ?"

ಅಪ್ಪ ಕೊಡೆಯನ್ನು ಎತ್ತಿಕೊಂಡ. ಬೂದಿಯಾದ ಕೈ ಕೊಡೆಯ ಹಿಡಿಯನ್ನು ಸುತ್ತಿಕೊಂಡಿತು. "ನನಗೇನು ಗೊತ್ತು ಸಾಮಿ," ಎಂದ ತಮಿಳಿನಲ್ಲಿ. "ನಾನು ನೂಲಿನವನು. ಕರೆಂಟು ಕಂಡರೆ ನನಗೆ ಭಯ. ಮನೆಯಲ್ಲೂ ಅವಳೇ ಇದನ್ನೆಲ್ಲ ಮಾಡುವುದು. ಅಪ್ಪನ ಹೆಸರು ಬರಲಿ ಅಂತ ಹೇಳುತ್ತಾಳೆ."

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತಡವರಿಸದೆ ಹೇಳಿದ. ಮಾಲೀಕರು ನಗಲಿಲ್ಲ, ಆದರೆ ಕನ್ನಡಕ ತೆಗೆದರು, "ಮರ್ಯಾದಸ್ಥ ಹುಡುಗಿ," ಎಂದರು. ಮತ್ತೆ ಕಾರು ಹತ್ತಿ ಕೀ ತಿರುಗಿಸಿದರು. ಹೊತ್ತಿತು. ತಿರುಗಿಸಿದರು. ಆರಿತು.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತ. ಊರೊಳಗೆ ಬರುವವರೆಗೆ ನಾನು ತಡೆದುಕೊಂಡೆ.

"ಯಾಕಪ್ಪಾ ಅಂಗೆ ಹೇಳ್ದೆ?"

"ಇನ್ನೆಂಗೆ ಹೇಳೋದು? ಕೆಲ್ಸ ಒಂದೇ ತಾನೆ ಇರಾದು," ಎಂದ. ಆಮೇಲೆ, "ಆ ಎರಡು ಎಳೆ ಜೊತೆ ಇಲ್ದೆ ತನಿಯಾಗಿ ತೊಂಗ್ತಾ ಇತ್ತು ಅಮ್ಮಣಿ. ನೀ ಮರ್ತೋದೆ ಅಂತ ನೆನಸ್ಕೊಂಡೆ," ಎಂದ.

ಭಾನುವಾರವಿಡೀ ಅವನು ನನಗೆ ಹೊಸೆಯುವುದನ್ನು ಕಲಿಸಿದ. ನನ್ನ ಬೆರಳುಗಳನ್ನು ಬೈದ, ನನ್ನನ್ನು ಬೈಯಲಿಲ್ಲ. ಸಂಜೆಯ ಹೊತ್ತಿಗೆ ನನ್ನ ಜೋಡಣೆಯಲ್ಲಿ ಉಬ್ಬು ಕಡಿಮೆಯಾಗಿತ್ತು, ಹೋಗಿರಲಿಲ್ಲ. ಕೆಲಸ ಸಿಕ್ಕಿತೆಂದು ಅಮ್ಮ ಬೀದಿಗೆಲ್ಲ ಹೇಳಿದಳು, ದೊಡ್ಡಪ್ಪ ಉಡುಮಲೈಪೇಟೆಗೆ ಕಾಗದ ಬರೆದ. ನಾನು ಸಂತೋಷವಾಗಿದ್ದೆ. ಅದನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ. ಅಪ್ಪ ಕಲಿಸುತ್ತಿರುವಾಗಲೇ ಸಂತೋಷವಾಗಿದ್ದೆ, ಅದಕ್ಕೆ ನಾಚಿಕೆಯಾಗಿತ್ತು.

ಸೋಮವಾರ ಮಾಲೀಕರು ನನ್ನನ್ನು ಜೋಡಣೆ ಬೆಂಚಿಗೆ ಕರೆದುಕೊಂಡು ಹೋದರು. ಕಿಟಕಿಯ ಕೆಳಗೆ ಉದ್ದನೆಯ ಮರದ ಬೆಂಚು. ನಾಲ್ಕು ಜಾಗ, ಇಬ್ಬರು ಗಂಡಸರು. "ಇದು ನಿನ್ನದು," ಎಂದು ಮೂರನೆಯದನ್ನು ತೋರಿಸಿದರು. ನಾಲ್ಕನೆಯದರ ಮೇಲೆ ಯಾರದೋ ಊಟದ ಡಬ್ಬಿ ಇತ್ತು. "ಅದಕ್ಕೂ ಆಳು ಬೇಕು. ಆರು ತಿಂಗಳಿಂದ ಹುಡುಕುತ್ತಿದ್ದೇನೆ, ಕೈ ಇರುವವನು ಸಿಗುತ್ತಿಲ್ಲ," ಎಂದು ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಹೋದರು.

ಆ ಸಂಜೆ ಮನೆಗೆ ಹೋದ ಕೂಡಲೇ ಅಪ್ಪನಿಗೆ ಹೇಳಿದೆ.

"ಕೆಲ್ಸ ಎರಡಿತ್ತಾ?" ಎಂದ.

"ಎರಡು."

ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿಕೊಂಡ. ಆಮೇಲೆ, "ಬೆಳಕು ಎಲ್ಲಿಂದ ಬತ್ತದೆ?" ಎಂದು ಕೇಳಿದ.

"ಎದುರುಗಡೆ ಕಿಟಕಿಯಿಂದ. ವಡಕ್ಕಿನ ಕಡೆ." ಉತ್ತರಕ್ಕೆ ತೆರೆದ ಕಿಟಕಿ ಅದು.

"ಅದೇ ನಲ್ಲ ಬೆಳಕು," ಎಂದ. "ಮಧ್ಯಾನ್ನಕ್ಕೂ ಕಣ್ಣು ನೋಯಲ್ಲ."

"ನಾಳೆ ಬಾ ಅಪ್ಪಾ. ನಾ ಹೇಳ್ತೀನಿ ಅವರ್ಗೆ."

"ಬ್ಯಾಡ. ಒಂದು ದಪ ನಾನಲ್ಲ ಅಂದಾಯ್ತು. ಈಗ ನಾನೇ ಅಂತ ಹೋಗಿ ನಿಂತ್ರೆ ನಾನು ಸುಳ್ಳ. ಸುಳ್ಳನ ಮಗಳ್ನ ಬೆಂಚಲ್ಲಿ ಕೂರಿಸ್ಕತಾರಾ?" ಎಂದ. ನಾನು ಇನ್ನೇನೋ ಹೇಳಲು ಹೋದೆ. ಅವನು ಎದ್ದು ಹಿತ್ತಲಿಗೆ ಹೋಗಿ ಕಾಲು ತೊಳೆದ.

ನಾನು ಹಟ ಮಾಡಬೇಕಿತ್ತು. ಎಲ್ಲದಕ್ಕೂ ಹಟ ಮಾಡುವವಳು ಅದೊಂದಕ್ಕೆ ಮಾಡಲಿಲ್ಲ. ಅವನು ಹೇಳಿದಂತೆ ಆಗಿಬಿಟ್ಟರೆ ಎಂದು ನನಗೂ ಭಯವಿತ್ತು. ಅಪ್ಪನನ್ನು ಆಮೇಲೆ ಯಾರೂ ಯಾವ ಕೆಲಸಕ್ಕೂ ಕರೆಯಲಿಲ್ಲ.

ಎರಡು ವಾರ ಕಳೆದು ಆ ನಾಲ್ಕನೆಯ ಜಾಗಕ್ಕೆ ಪೊಳ್ಳಾಚಿಯಿಂದ ಒಬ್ಬ ಬಂದ. ಒಳ್ಳೆಯ ಮನುಷ್ಯ, ಊಟ ಹಂಚಿಕೊಂಡು ತಿನ್ನುವವನು. ಅವನ ಜೋಡಣೆಗಳು ಮೆಣಸಿನಕಾಳಿನಷ್ಟು ದಪ್ಪ ಇರುತ್ತಿದ್ದವು. ಅವನ ಪಕ್ಕ ನಾನು ಹನ್ನೊಂದು ವರ್ಷ ಕೂತೆ.